ನನ್ನ ತೋಳು ಎಲ್ಲಿ ಹೋಯಿತು

1984ರ ಮಳೆಗಾಲ. ಹಗಲಿಡೀ ಬೊಂಬಾಯಿಯ ಫೋರ್ಟಿನ ಒಂದು ಹೋಟೆಲಿನಲ್ಲಿ ಕೆಲಸ, ರಾತ್ರಿ ನಮ್ಮ ಕನ್ನಡ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಮಲೇರಿಯಾ ಹಿಡಿದು ಹದಿನೈದು ದಿನ ಮಲಗಿದೆ, ಗಂಜಿಯೂ ಸೇರುತ್ತಿರಲಿಲ್ಲ. ತಿರುಗಿ ಶಾಲೆಗೆ ಬಂದಾಗ ವಿಜ್ಞಾನದ ಮಾಸ್ಟ್ರು ನನ್ನ ಕೈ ಹಿಡಿದು ನೋಡಿ, "ಎಂತ ಮಾರಾಯ, ನಿನ್ನ ತೋಳು ಎಲ್ಲಿ ಹೋಯಿತು?" ಎಂದರು.

ಆ ರಾತ್ರಿ ಅವರು ಪಾಠ ಮಾಡಿದ್ದು ಅದನ್ನೇ. ಹೊಟ್ಟೆಗೆ ಏನೂ ಬೀಳದಿದ್ದಾಗ ಮೈ ತನ್ನ ಸ್ನಾಯುವಿನ ಪ್ರೋಟೀನನ್ನೇ ಒಡೆಯುತ್ತದೆ, ಜ್ವರ ಇದ್ದರೆ ಇನ್ನೂ ಜಾಸ್ತಿ. ಹಾಗೆ ಬಂದ ಅಮೈನೋ ಆಮ್ಲಗಳು ರಕ್ತದಲ್ಲಿ ಲಿವರಿಗೆ ಹೋಗುತ್ತವೆ. ಲಿವರು ಕೆಲವದರಿಂದ ಸಕ್ಕರೆ ಮಾಡುತ್ತದೆ, ಮಿದುಳಿಗೆ ಅದು ಬೇಕಲ್ವಾ. ಕೆಲವದರಿಂದ ಸೋಂಕಿನ ವಿರುದ್ಧ ಬೇಕಾದ ಪ್ರೋಟೀನುಗಳನ್ನು ಕಟ್ಟುತ್ತದೆ. "ನಿನ್ನ ತೋಳು ಸುಮ್ನೆ ಕರಗಲಿಲ್ಲ, ಜ್ವರದ ಜೊತೆ ಹೋರಾಡಿತು" ಎಂದರು. ನನಗೆ ಅಳು ಬಂದಿತ್ತು. ಮರುದಿನದಿಂದ ಒಂದು ವಾರ ಮನೆಯಿಂದ ಬೇಯಿಸಿದ ಮೊಟ್ಟೆ ತಂದುಕೊಟ್ಟರು.

ಆರೋಗ್ಯವಾಗಿದ್ದಾಗಲೂ ಈ ಒಡೆಯುವುದು, ಕಟ್ಟುವುದು ನಿಲ್ಲುವುದಿಲ್ಲ ಎಂದೂ ಅವರೇ ಹೇಳಿದ್ದು. 1930ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಷೋನ್‌ಹೈಮರ್ ಎಂಬವರು ಇಲಿಗಳಿಗೆ ಗುರುತು ಹಾಕಿದ ನೈಟ್ರೋಜನ್ ಇದ್ದ ಅಮೈನೋ ಆಮ್ಲ ತಿನ್ನಿಸಿದರು. ಅದು ಮೂತ್ರದಲ್ಲಿ ಹೊರಗೆ ಹೋಗುತ್ತದೆ ಅಂದುಕೊಂಡಿದ್ದರೆ, ದೊಡ್ಡ ಪಾಲು ಮೈಯ ಪ್ರೋಟೀನಿನೊಳಗೇ ಸೇರಿಕೊಂಡಿತ್ತು.

ಮುಂದೆ ನಾನು ಲ್ಯಾಬ್ ಟೆಕ್ನೀಶಿಯನ್ ಆದೆ. 2004ರ ಅಕ್ಟೋಬರಿನಲ್ಲಿ ಲೋಕಲ್ ಟ್ರೈನಿನಲ್ಲಿ ನಿಂತು ಪೇಪರ್ ಓದುತ್ತಿದ್ದೆ. ಸೀಖನೋವರ್, ಹೆರ್ಷ್ಕೊ, ರೋಸ್ ಈ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್, ಅದೂ ಜೀವಕೋಶ ಪ್ರೋಟೀನನ್ನು ಒಡೆಯುವ ರೀತಿ ಕಂಡುಹಿಡಿದದ್ದಕ್ಕೆ! ಭಾನುವಾರವೇ ಆ ಪೇಪರ್ ಹಿಡಿದುಕೊಂಡು ಡೊಂಬಿವಲಿಗೆ, ಮಾಸ್ಟ್ರ ಮನೆಗೆ ಹೋದೆ.

ಈ ಸಲ ಪಾಠ ಹೇಳಿದ್ದು ನಾನು. ತೆಗೆಯಬೇಕಾದ ಪ್ರೋಟೀನಿಗೆ ಜೀವಕೋಶ ಯುಬಿಕ್ವಿಟಿನ್ ಎಂಬ ಚೀಟಿ ಅಂಟಿಸುತ್ತದೆ. ಚೀಟಿ ಕಂಡರೆ ಜೀವಕೋಶದೊಳಗಿನ ಪ್ರೋಟಿಯಾಸೋಮ್ ಎಂಬ ಯಂತ್ರ ಆ ಪ್ರೋಟೀನನ್ನು ಒಳಗೆಳೆದು ತುಂಡು ಮಾಡುತ್ತದೆ. ಹೆಚ್ಚಿನ ತುಂಡುಗಳು ಮತ್ತೆ ಅಮೈನೋ ಆಮ್ಲಗಳಾಗುತ್ತವೆ, ಆದರೆ ಕೆಲವು ಎಂಟರಿಂದ ಹತ್ತು ಅಮೈನೋ ಆಮ್ಲದಷ್ಟು ಉದ್ದವಿರುವ ಚೂರುಗಳನ್ನು ಜೀವಕೋಶ ಹೊರಮೈ ಮೇಲೆ ತಂದು ತೋರಿಸುತ್ತದೆ. ಕಾವಲು ತಿರುಗುವ ಟಿ ಕಣಗಳು, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳು, ಅವನ್ನು ನೋಡುತ್ತವೆ. ಒಳಗೆ ವೈರಸ್ ಹೊಕ್ಕಿದ್ದರೆ ಅದರ ಚೂರೂ ಅಲ್ಲಿ ಕಾಣುತ್ತದೆ, ಟಿ ಕಣ ಆ ಜೀವಕೋಶವನ್ನೇ ಕೊಲ್ಲುತ್ತದೆ. ಮಾಸ್ಟ್ರು ಮಧ್ಯದಲ್ಲಿ ತಡೆದು, "ಅಂದರೆ ಒಡೆಯದಿದ್ದರೆ ಕಳ್ಳ ಸಿಕ್ಕುವುದೇ ಇಲ್ಲ?" ಎಂದು ಕೇಳಿದರು. ಆ ಮುಖದ ಖುಷಿ ನನಗೆ ಈಗಲೂ ಕಾಣುತ್ತದೆ.

ಬೊರ್ಟೆಜೊಮಿಬ್ ಎಂಬ ಔಷಧಿಯ ವಿಷಯವನ್ನೂ ಹೇಳಿದೆ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿ ಸುಮಾರು ಒಂದೂವರೆ ವರ್ಷವಾಗಿತ್ತು. ಅದು ಪ್ರೋಟಿಯಾಸೋಮಿನ ಕೆಲಸ ತಡೆಯುತ್ತದೆ. ಮೈಲೋಮಾ ಕ್ಯಾನ್ಸರಿನ ಕಣಗಳು ವಿಪರೀತ ಪ್ರೋಟೀನು ತಯಾರಿಸುತ್ತವೆ, ಕೆಟ್ಟದ್ದು ಒಳಗೇ ರಾಶಿ ಬಿದ್ದು ಸಾಯುತ್ತವೆ. ಆದರೆ ಈ ಔಷಧಿ ತೆಗೆದುಕೊಳ್ಳುವವರಿಗೆ ಸರ್ಪಸುತ್ತು ಏಳುವ ಭಯ ಜಾಸ್ತಿ, ಅದಕ್ಕೇ ಜೊತೆಗೆ ವೈರಸ್ ತಡೆಯುವ ಮಾತ್ರೆ ಕೊಡುತ್ತಾರೆ. ಇದನ್ನು ನಾನು ತಿಳಿದದ್ದು ಆಮೇಲೆ. ಮಾಸ್ಟ್ರಿಗೆ ಹೇಳಲು ಆಗಲಿಲ್ಲ.

ಅವತ್ತು ಹೊರಡುವಾಗ ಅವರು ಬಾಗಿಲವರೆಗೆ ಬಂದು, ಇಪ್ಪತ್ತು ವರ್ಷದ ಹಿಂದಿನ ಹಾಗೆಯೇ ನನ್ನ ತೋಳು ಹಿಡಿದು ನೋಡಿದರು. "ಈಗ ಅಡ್ಡಿಲ್ಲ" ಎಂದರು.