ಡಬ್ಬಿ ಪ್ರಿಂಟ್ ಮಾಡಿಸುವ ಮೊದಲು ಒಂದು ಮಾತು

ನನಗೆ ಬರುವ ಫೋನ್‌ಗಳಲ್ಲಿ ಜಾಸ್ತಿ ಒಂದೇ ರಾಗ. "ಮಾಲು ಬಂದರಿನಲ್ಲಿ ಕೂತಿದೆ, ಕಸ್ಟಮ್ಸ್‌ನವರು ನೋಂದಣಿ ನಂಬರ್ ಕೇಳುತ್ತಿದ್ದಾರೆ, ಬೇಗ ಏನಾದರೂ ಮಾಡಿ." ಅಷ್ಟರಲ್ಲಿ ಡಬ್ಬಿ ಪ್ರಿಂಟ್ ಆಗಿರುತ್ತದೆ, ಜಾಹೀರಾತು ಶುರುವಾಗಿರುತ್ತದೆ, ಅಂಗಡಿಯವರಿಗೆ ಇಂಥ ದಿನ ಮಾಲು ಕೊಡುತ್ತೇವೆ ಅಂತ ಮಾತೂ ಕೊಟ್ಟಾಗಿರುತ್ತದೆ. ನೋಂದಣಿ ಅಂತ ಒಂದಿದೆ ಅನ್ನುವುದು ನೆನಪಾಗುವುದು ಆಮೇಲೆ.

ಕ್ರೀಮು, ಶಾಂಪೂ, ಆಟಿಕೆ, ಪವರ್ ಬ್ಯಾಂಕ್ ಥರದ ವಸ್ತುಗಳನ್ನು ಮಾರಾಟಕ್ಕೆ ಇಡುವ ಮೊದಲು ಬೇಕಾಗುವ ಕಾಗದಪತ್ರ ಸಿದ್ಧಮಾಡಿಕೊಡುವುದು ನನ್ನ ಕೆಲಸ. ಎಲ್ಲರಿಗೂ ನಾನು ಹೇಳುವುದು ಇಷ್ಟೇ. ಅರ್ಜಿ ತುಂಬುವುದು ಕೊನೆಯ ಕೆಲಸ, ಸುಲಭದ ಕೆಲಸ. ಕಷ್ಟದ್ದೆಲ್ಲ ಡಬ್ಬಿಯ ಮೇಲೆ ಏನು ಬರೆಯುತ್ತೀರಿ, ಅದಕ್ಕೆ ಯಾರು ಜವಾಬ್ದಾರಿ ಹೊರುತ್ತಾರೆ ಅನ್ನುವುದರಲ್ಲಿದೆ.

ಡಬ್ಬಿಯ ಮೇಲಿನ ಮಾತಿಗೂ ಸರ್ಕಾರಿ ಕಚೇರಿಗೂ ಏನು ಸಂಬಂಧ ಅಂತ ಕೇಳಬಹುದು. ತುಂಬಾ ಸಂಬಂಧ ಇದೆ. ಒಂದೇ ಕ್ರೀಮಿನ ಮೇಲೆ "ಚರ್ಮವನ್ನು ಮೃದುವಾಗಿ ಇಡುತ್ತದೆ" ಅಂತ ಬರೆದರೆ ಅದು ಸೌಂದರ್ಯವರ್ಧಕ. "ಇಸುಬು ವಾಸಿಮಾಡುತ್ತದೆ" ಅಂತ ಬರೆದರೆ ಅದೇ ಕ್ರೀಮು ಔಷಧಿ. ಒಳಗಿರುವ ಸರಕು ಒಂದು ಗುಲಗಂಜಿಯಷ್ಟೂ ಬದಲಾಗಿಲ್ಲ, ಆದರೆ ಹೋಗಬೇಕಾದ ಬಾಗಿಲೇ ಬೇರೆ ಆಯಿತು. ಔಷಧಿಯ ಬಾಗಿಲಿಗೆ ಹೋದರೆ ತಿಂಗಳುಗಳ ಮಾತಲ್ಲ, ವರ್ಷಗಳ ಮಾತು. ಮಾರ್ಕೆಟಿಂಗ್‌ನವರು ಜೋರಾಗಿ ಕೇಳಿಸಲಿ ಅಂತ ಹಾಕಿದ ಒಂದು ಕ್ರಿಯಾಪದಕ್ಕೆ ಇಷ್ಟು ತೂಕ!

ಇನ್ನೊಂದು ತಮಾಷೆ ನೋಡಿ. ಈ ಗಡಿ ದೇಶದಿಂದ ದೇಶಕ್ಕೆ ಬೇರೆ. ಫ್ಲೋರೈಡ್ ಇರುವ ಟೂತ್‌ಪೇಸ್ಟ್ ಯುರೋಪಿಯನ್ ಒಕ್ಕೂಟದಲ್ಲಿ ಸೌಂದರ್ಯವರ್ಧಕ, ಅಮೆರಿಕದಲ್ಲಿ ಚೀಟಿ ಇಲ್ಲದೆ ಸಿಗುವ ಔಷಧಿ. ಅಲ್ಲಿನ ಟ್ಯೂಬ್ ಒಂದನ್ನು ತಿರುಗಿಸಿ ನೋಡಿದರೆ ಹಿಂದುಗಡೆ "ಡ್ರಗ್ ಫ್ಯಾಕ್ಟ್ಸ್" ಅಂತ ಒಂದು ಚೌಕ ಕಾಣುತ್ತದೆ, ಅದರಲ್ಲಿ ಫ್ಲೋರೈಡ್‌ನ ಪ್ರಮಾಣ, ಯಾತಕ್ಕೆ ಬಳಸಬೇಕು, ಮಕ್ಕಳು ನುಂಗಿದರೆ ಏನು ಮಾಡಬೇಕು ಎಲ್ಲ ಇರುತ್ತದೆ. ಸನ್‌ಸ್ಕ್ರೀನ್ ಕಥೆಯೂ ಹಾಗೇ. ಯುರೋಪಿನಲ್ಲಿ ಸೌಂದರ್ಯವರ್ಧಕ, ಅಮೆರಿಕದಲ್ಲಿ ಔಷಧಿ. ತಲೆಹೊಟ್ಟಿನ ಶಾಂಪೂ ಕೂಡ ಅಮೆರಿಕಕ್ಕೆ ಕಾಲಿಟ್ಟ ಕೂಡಲೇ ಔಷಧಿ ಆಗಿಬಿಡುತ್ತದೆ. ಹಾಗಾಗಿ "ಆ ದೇಶದಲ್ಲಿ ಸುಲಭವಾಗಿ ಆಯಿತಲ್ಲ, ಇಲ್ಲೂ ಆಗುತ್ತೆ ಬಿಡಿ" ಅನ್ನುವವರ ಮಾತು ಕೇಳಬೇಡಿ.

ಇನ್ನು ನೋಂದಣಿ ಅಂತ ನಾವು ಸುಮ್ನೆ ಒಂದೇ ಹೆಸರಲ್ಲಿ ಕರೆಯುವುದು ನಿಜವಾಗಿ ಒಂದೇ ಅಲ್ಲ. ಕೆಲವು ಕಡೆ ತಿಳಿಸಿದರೆ ಸಾಕು. ಯುರೋಪಿಯನ್ ಒಕ್ಕೂಟದ ಸೌಂದರ್ಯವರ್ಧಕ ಪೋರ್ಟಲ್ 2013ರ ಜುಲೈಯಿಂದ ಹೀಗೇ ನಡೆಯುತ್ತಿದೆ: ಮಾಹಿತಿ ತುಂಬಿ, ಮಾರಿ, ಯಾರೂ ಒಪ್ಪಿಗೆಯ ಪತ್ರ ಕೊಡುವುದಿಲ್ಲ. ಕೆಲವು ಕಡೆ ಲ್ಯಾಬ್ ವರದಿ ಕೊಟ್ಟು ನಂಬರ್ ಪಡೆಯಬೇಕು. ಭಾರತದಲ್ಲಿ ಬಿಐಎಸ್ (ಸರಕುಗಳ ಗುಣಮಟ್ಟ ಗೊತ್ತುಮಾಡುವ ಸರ್ಕಾರಿ ಸಂಸ್ಥೆ) ಎಲೆಕ್ಟ್ರಾನಿಕ್ಸ್ ವಸ್ತುಗಳಿಗೆ ಕೊಡುವ ಆರ್ ನಂಬರ್ ಈ ಬಗೆಯದು, ಅದರ ಮೊದಲ ಆದೇಶ ಬಂದದ್ದು 2012ರಲ್ಲಿ. ಇನ್ನು ಯುರೋಪಿನಲ್ಲಿ ಮಾರುವ ಆಟಿಕೆ, ಚಾರ್ಜರ್‌ಗಳ ಮೇಲೆ ಸಿಇ ಗುರುತು ಇರುತ್ತದಲ್ಲ, ಎಷ್ಟೋ ವಸ್ತುಗಳ ಮಟ್ಟಿಗೆ ಅದು ತಯಾರಕ ತಾನೇ ಮಾಡಿಕೊಳ್ಳುವ ಘೋಷಣೆ, ಯಾವ ಸರ್ಕಾರಿ ಕಚೇರಿಯೂ ಕೊಟ್ಟದ್ದಲ್ಲ. ನಿಮ್ಮದು ಇವುಗಳಲ್ಲಿ ಯಾವುದು ಅಂತ ಗೊತ್ತಿಲ್ಲದೆ ಏಜೆಂಟ್‌ಗೆ ದುಡ್ಡು ಕೊಡಬೇಡಿ.

ಇಷ್ಟೆಲ್ಲ ಯಾಕೆ ಬೇಕು ಅಂತ ಗೊಣಗುವವರು ತುಂಬಾ. ನಾನೂ ಗೊಣಗುತ್ತೇನೆ. ಆದರೆ ಈ ಫೈಲುಗಳ ಹಿಂದೆ ಒಂದು ಕಥೆ ಇದೆ. 1972ರಲ್ಲಿ ಫ್ರಾನ್ಸಿನಲ್ಲಿ ಮಕ್ಕಳಿಗೆ ಹಚ್ಚುವ ಮೊರಾಂಜ್ ಎಂಬ ಟಾಲ್ಕಂ ಪೌಡರಿಗೆ ಹೆಕ್ಸಾಕ್ಲೋರೋಫೀನ್ ಎಂಬ ರೋಗಾಣುನಾಶಕ ತಪ್ಪಿ ಸೇರಿಹೋಯಿತು, ಅದೂ ಶೇಕಡ ಆರಕ್ಕೂ ಮೇಲೆ. ಮೂವತ್ತಾರು ಮಕ್ಕಳು ಸತ್ತರು, ಇನ್ನೂರಕ್ಕೂ ಹೆಚ್ಚು ಮಂದಿಗೆ ಅದರ ಹಾನಿ ತಟ್ಟಿತು. ಪೌಡರ್ ಮಾಡಿದವರು ಯಾರು, ಕಚ್ಚಾವಸ್ತು ಎಲ್ಲಿಂದ ಬಂತು, ಯಾವ ಬ್ಯಾಚ್ ಯಾವ ಊರಿಗೆ ಹೋಗಿದೆ ಅನ್ನುವುದು ಇಂಥ ಹೊತ್ತಿನಲ್ಲಿ ಕೈಗೆ ಸಿಗಬೇಕು. 1975ರಲ್ಲಿ ಫ್ರಾನ್ಸ್ ಸೌಂದರ್ಯವರ್ಧಕಗಳಿಗೆ ಅಂತಲೇ ಕಾನೂನು ಮಾಡಿತು. 1976ರಲ್ಲಿ ಯುರೋಪಿನ ಸಮುದಾಯದ ದೇಶಗಳಿಗೆಲ್ಲ ಒಂದು ನಿರ್ದೇಶನ ಬಂತು. ಇಂದು ನಾವು ತುಂಬುವ ಎಷ್ಟೋ ಕಾಲಂಗಳ ಬೇರು ಅಲ್ಲಿದೆ. ಬ್ಯಾಚ್ ನಂಬರ್ ಎಲ್ಲಿ ಹಾಕಲಿ ಅಂತ ಯಾರಾದರೂ ಸಿಡಿಮಿಡಿಗೊಂಡರೆ ನಾನು ಈ ಪೌಡರಿನ ಕಥೆ ಹೇಳುತ್ತೇನೆ.

ಈಗ ಒಂದು ಫೈಲನ್ನೇ ಬಿಚ್ಚಿ ನೋಡೋಣ. ಒಂದು ಮಾಯಿಶ್ಚರೈಸರ್ ಅಂದುಕೊಳ್ಳಿ. ಮೊದಲ ಹಾಳೆ ಫಾರ್ಮುಲಾ. ಎಡಕ್ಕೆ ಪದಾರ್ಥದ ಹೆಸರು, ಬಲಕ್ಕೆ ಶೇಕಡಾವಾರು. ನಾನು ಮೊದಲು ಮಾಡುವುದು ಕೂಡಿಸುವುದು. ಎಷ್ಟೋ ಸಲ ಮೊತ್ತ 100 ಬರುವುದೇ ಇಲ್ಲ, 99.2 ಬರುತ್ತದೆ, ಇಲ್ಲವೇ 101. ಯಾರೋ ಒಂದು ಪದಾರ್ಥ ಬದಲಿಸಿ ನೀರಿನ ಪ್ರಮಾಣ ಸರಿಮಾಡುವುದನ್ನು ಬಿಟ್ಟಿರುತ್ತಾರೆ. ಆಮೇಲೆ ಆ ಹಾಳೆಯ ಪಕ್ಕ ಲೇಬಲ್ ಇಟ್ಟು ಒಂದೊಂದೇ ಹೆಸರು ಹೋಲಿಸುತ್ತೇನೆ. ಫಾರ್ಮುಲಾದಲ್ಲಿ ಇರುವ ಸಂರಕ್ಷಕ ಲೇಬಲ್‌ನಲ್ಲಿ ಇರುವುದಿಲ್ಲ, ಅಥವಾ ಲೇಬಲ್‌ನಲ್ಲಿ ದೊಡ್ಡದಾಗಿ ಕಾಣುವ ಅಲೋವೆರಾ ಫಾರ್ಮುಲಾದಲ್ಲಿ ಶೇಕಡ 0.05 ಮಾತ್ರ ಇರುತ್ತದೆ.

ಪರಿಮಳದ ಸಾಲು ಇನ್ನೊಂದು ತಲೆನೋವು. "ಪರ್ಫ್ಯೂಮ್" ಅಂತ ಒಂದು ಪದ ಬರೆದು ಮುಗಿಸುವ ಕಾಲ ಹೋಯಿತು. ಯುರೋಪಿನಲ್ಲಿ ಅಲರ್ಜಿ ತರುವ ಸುಗಂಧ ಪದಾರ್ಥಗಳಲ್ಲಿ 26ನ್ನು ಲೇಬಲ್‌ನಲ್ಲಿ ಹೆಸರಿಸಬೇಕಿತ್ತು. 2023ರ ತಿದ್ದುಪಡಿ ಆ ಪಟ್ಟಿಯನ್ನು 80ರ ಸುಮಾರಿಗೆ ಬೆಳೆಸಿದೆ. ಚರ್ಮದ ಮೇಲೆ ಉಳಿಯುವ ಕ್ರೀಮಿನಲ್ಲಿ ಶೇಕಡ 0.001ಕ್ಕಿಂತ ಹೆಚ್ಚಿದ್ದರೂ ಹೆಸರು ಬರೆಯಬೇಕು, ತೊಳೆದುಹೋಗುವ ಶಾಂಪೂವಿನಲ್ಲಿ ಮಿತಿ 0.01. ಸುಗಂಧ ಮಾರುವವನು ಆ ವಿವರ ಕೊಟ್ಟರೆ ತಾನೇ ನೀವು ಬರೆಯುವುದು? ಅವನು "ವ್ಯಾಪಾರದ ಗುಟ್ಟು" ಅಂತ ಕೈ ಅಲ್ಲಾಡಿಸುತ್ತಾನೆ. ಅಂಥವನ ಹತ್ತಿರ ಸುಗಂಧ ಕೊಳ್ಳಬೇಡಿ, ಅಷ್ಟೇ.

ಡಬ್ಬಿಯ ತಳದಲ್ಲಿ ಮುಚ್ಚಳ ತೆರೆದ ಜಾಡಿಯ ಚಿತ್ರ, ಒಳಗೆ 12ಎಂ ಅಂತ ಬರೆದಿರುವುದನ್ನು ನೀವೂ ನೋಡಿರಬಹುದು. ತೆರೆದ ಮೇಲೆ ಹನ್ನೆರಡು ತಿಂಗಳು ಬಳಸಬಹುದು ಅಂತ ಅದರ ಅರ್ಥ. ಯುರೋಪಿನ ನಿಯಮದಲ್ಲಿ 30 ತಿಂಗಳಿಗಿಂತ ಹೆಚ್ಚು ಕಾಲ ಕೆಡದ ವಸ್ತುಗಳಿಗೆ ಈ ಚಿತ್ರ, ಅದಕ್ಕಿಂತ ಕಡಿಮೆ ಕಾಲದವಕ್ಕೆ ಕೊನೆಯ ದಿನಾಂಕ. ಸುಮ್ನೆ ಚೆನ್ನಾಗಿ ಕಾಣುತ್ತೆ ಅಂತ ಚಿತ್ರ ಹಾಕಿಸುವವರಿದ್ದಾರೆ, ಅದಕ್ಕೆ ಆಧಾರವಾದ ಪರೀಕ್ಷೆ ಎಲ್ಲಿ ಅಂದರೆ ಮುಖಮುಖ ನೋಡುತ್ತಾರೆ.

ಆಟಿಕೆಯ ಮಾತು ಬಂದರೆ ಫೈಲಿಗಿಂತ ಒಂದು ಪುಟ್ಟ ಲೋಹದ ಕೊಳವೆಯೇ ಮುಖ್ಯ. ಒಳಗಿನ ಅಗಲ 31.7 ಮಿಲಿಮೀಟರ್, ತಳ ಓರೆಯಾಗಿ ಕತ್ತರಿಸಿದ ಹಾಗಿರುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಯಾವ ಬಿಡಿ ಭಾಗವೂ ಒತ್ತದೆ ಬಿಟ್ಟಾಗ ಅದರೊಳಗೆ ಪೂರ್ತಿ ಇಳಿಯಬಾರದು. ಇಳಿದರೆ ಆ ಭಾಗ ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಗೊಂಬೆಯ ಕಣ್ಣನ್ನು ಹಿಡಿದು ಎಳೆಯುತ್ತಾರೆ, ಗುಂಡಿಯನ್ನು ತಿರುಚುತ್ತಾರೆ, ಕಿತ್ತು ಬಂದರೆ ಕೊಳವೆಗೆ ಹಾಕುತ್ತಾರೆ. ಲ್ಯಾಬಿಗೆ ಹೋಗುವ ಮೊದಲು ಅಂಥ ಕೊಳವೆ ಒಂದನ್ನು ನೀವೇ ಕೊಂಡಿಟ್ಟುಕೊಳ್ಳಿ. ಅಮೆರಿಕದಲ್ಲಿ 2008ರ ಕಾನೂನಿನಿಂದ ಮಕ್ಕಳ ವಸ್ತುಗಳಿಗೆ ಮಾನ್ಯತೆ ಇರುವ ಹೊರಗಿನ ಲ್ಯಾಬಿನ ಪರೀಕ್ಷೆ ಕಡ್ಡಾಯ. ಪರೀಕ್ಷೆ ಎರಡನೇ ಸಲ ಮಾಡಿಸಿದರೆ ದುಡ್ಡೂ ಎರಡನೇ ಸಲ, ಅಲ್ವಾ.

ಈಗ ಜವಾಬ್ದಾರಿಯ ವಿಷಯ. ಇದನ್ನು ಯಾರೂ ಗಮನವಿಟ್ಟು ಓದುವುದಿಲ್ಲ, ಆದರೆ ಆಮೇಲೆ ಜಗಳವಾಗುವುದು ಇದರಿಂದಲೇ. ಹೊರದೇಶದಲ್ಲಿ ಕೂತ ತಯಾರಕನನ್ನು ನಿಯಂತ್ರಕರು ಹಿಡಿಯಲು ಆಗುವುದಿಲ್ಲ. ಅದಕ್ಕೇ ಎಷ್ಟೋ ದೇಶಗಳು ತಮ್ಮ ನೆಲದಲ್ಲಿ ಒಬ್ಬ ಉತ್ತರ ಕೊಡುವವನು ಇರಲಿ ಅನ್ನುತ್ತವೆ. ಬಿಐಎಸ್ ಹೊರಗಿನ ತಯಾರಕರಿಗೆ ಭಾರತದಲ್ಲಿ ಅಧಿಕೃತ ಪ್ರತಿನಿಧಿ ಇರಬೇಕು ಅನ್ನುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 13ರಿಂದ ಜಾರಿಯಾದ ಉತ್ಪನ್ನ ಸುರಕ್ಷತೆಯ ನಿಯಮ ಆನ್‌ಲೈನ್‌ನಲ್ಲಿ ಮಾರುವವರಿಗೂ ಇದನ್ನೇ ಹೇಳುತ್ತದೆ.

ಆ ವ್ಯಕ್ತಿ ಯಾರಾಗಬೇಕು? ನಿಮ್ಮ ಮಾಲು ಹಂಚುವ ಡಿಸ್ಟ್ರಿಬ್ಯೂಟರ್ "ನಾನೇ ಮಾಡಿಸುತ್ತೇನೆ, ಪುಕ್ಕಟೆ" ಅನ್ನುತ್ತಾನೆ. ಅಲ್ಲೇ ಎಚ್ಚರ. ನೋಂದಣಿ ಅವನ ಹೆಸರಲ್ಲಿದ್ದರೆ ನಾಳೆ ಅವನ ಜೊತೆ ಮನಸ್ತಾಪ ಆದಾಗ ನಂಬರ್ ಅವನ ಕೈಯಲ್ಲೇ ಉಳಿಯುತ್ತದೆ, ಹೊಸಬನನ್ನು ಹುಡುಕಿ ನೀವು ಮೊದಲಿನಿಂದ ಶುರುಮಾಡಬೇಕಾಗುತ್ತದೆ, ಆ ತಿಂಗಳುಗಳಲ್ಲಿ ಮಾಲು ಗೋದಾಮಿನಲ್ಲಿ ಕೊಳೆಯುತ್ತದೆ. ಮಾರಾಟದಲ್ಲಿ ಪಾಲಿಲ್ಲದ ಒಬ್ಬರನ್ನು ಪ್ರತಿನಿಧಿ ಮಾಡಿಕೊಳ್ಳಿ, ಸ್ವಲ್ಪ ಖರ್ಚಾದರೂ ಪರವಾಗಿಲ್ಲ. ಅದು ಆಗದಿದ್ದರೆ, "ಸಂಬಂಧ ಮುರಿದರೆ ನೋಂದಣಿ ಬಿಟ್ಟುಕೊಡುತ್ತೇನೆ" ಅಂತ ಡಿಸ್ಟ್ರಿಬ್ಯೂಟರ್ ಕೈಯಲ್ಲಿ ಒಪ್ಪಂದದಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಬೇಡ.

ನಂಬರ್ ಸಿಕ್ಕ ಮೇಲೆ ಕೆಲವರು ಅದನ್ನು ಪದಕದ ಹಾಗೆ ತೋರಿಸಿಕೊಳ್ಳುತ್ತಾರೆ. "ಎಫ್‌ಡಿಎ ಒಪ್ಪಿದ ಕ್ರೀಮು" ಅಂತ ಬರೆಸಿದ ಡಬ್ಬಿಗಳನ್ನು ನಾನು ನೋಡಿದ್ದೇನೆ. ಎಫ್‌ಡಿಎ ಅಂದರೆ ಆಹಾರ, ಔಷಧಿಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ, ಅದು ಕ್ರೀಮುಗಳನ್ನು ಮಾರಾಟಕ್ಕೆ ಮುಂಚೆ ಒಪ್ಪುವುದೇ ಇಲ್ಲ. 2022ರ ಕೊನೆಯಲ್ಲಿ ಬಂದ ಹೊಸ ಕಾನೂನಿನ ಪ್ರಕಾರ ಕಾರ್ಖಾನೆ ನೋಂದಾಯಿಸಬೇಕು, ವಸ್ತುಗಳ ಪಟ್ಟಿ ಕೊಡಬೇಕು, ಅಷ್ಟು ಮಾಡಿದರೆ ಒಪ್ಪಿಗೆ ಸಿಕ್ಕಂತೆ ಆಗುವುದಿಲ್ಲ. ಹದ್ದಿನ ಚಿತ್ರ, ಬಂಗಾರದ ಬಣ್ಣದ ಮುದ್ರೆ ಇರುವ "ಎಫ್‌ಡಿಎ ನೋಂದಣಿ ಪ್ರಮಾಣಪತ್ರ" ಮಾರುವ ಏಜೆಂಟ್‌ಗಳಿದ್ದಾರೆ. ನೋಂದಣಿಗೆ ಅಂಥ ಪ್ರಮಾಣಪತ್ರವನ್ನು ಎಫ್‌ಡಿಎ ಕೊಡುವುದಿಲ್ಲ. ಗೋಡೆಗೆ ತೂಗುಹಾಕಲು ಚೆನ್ನಾಗಿರುತ್ತದೆ, ಬೇರೆ ಉಪಯೋಗವಿಲ್ಲ.

ಒಂದು ದೂರು ನನಗೂ ಇದೆ. ಅಮೆರಿಕದ ಆ ಕಾನೂನು ವರ್ಷಕ್ಕೆ ಸರಾಸರಿ ಹತ್ತು ಲಕ್ಷ ಡಾಲರ್‌ಗಿಂತ ಕಡಿಮೆ ವಹಿವಾಟಿನವರಿಗೆ ನೋಂದಣಿಯಿಂದ ವಿನಾಯಿತಿ ಕೊಟ್ಟಿದೆ, ಕಣ್ಣಿನ ಒಳಪದರಕ್ಕೆ ತಾಗುವಂಥ ಕೆಲವು ವಸ್ತುಗಳನ್ನು ಬಿಟ್ಟು. ಯುರೋಪಿನಲ್ಲಿ ಹಾಗಿಲ್ಲ. ಮನೆಯಲ್ಲಿ ಕೂತು ಸೋಪು ಮಾಡುವವಳಿಗೂ, ಲಕ್ಷಗಟ್ಟಲೆ ಮಾರುವ ಕಂಪನಿಗೂ ಒಂದೇ ಸುರಕ್ಷತಾ ವರದಿ, ಒಂದೇ ಖರ್ಚು. ಒಂದೊಂದು ಪರಿಮಳಕ್ಕೂ ಬೇರೆ ವರದಿ ಬೇಕು ಅಂದರೆ ಸಣ್ಣವರು ಹತ್ತು ಪರಿಮಳ ಬಿಟ್ಟು ಎರಡಕ್ಕೆ ಇಳಿಯುತ್ತಾರೆ. ಮಗುವಿನ ಚರ್ಮಕ್ಕೆ ಸೋಪು ಮಾಡಿದ್ದು ಸಣ್ಣವಳೋ ದೊಡ್ಡವರೋ ಗೊತ್ತಾಗುವುದಿಲ್ಲ, ಅದೂ ನಿಜ. ಆದರೂ ಶುಲ್ಕದಲ್ಲಿ, ಮಾರ್ಗದರ್ಶನದಲ್ಲಿ ಸಣ್ಣವರಿಗೆ ಕೈಹಿಡಿಯುವ ದಾರಿ ಇರಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಕೊನೆಗೆ, ನೋಂದಣಿ ಆದ ಮೇಲಿನ ಕೆಲಸ. ಬಿಐಎಸ್ ನೋಂದಣಿ ಕಾರ್ಖಾನೆಯ ವಿಳಾಸಕ್ಕೆ ಅಂಟಿಕೊಂಡಿರುತ್ತದೆ, ಅದೇ ಚಾರ್ಜರನ್ನು ಬೇರೆ ಕಾರ್ಖಾನೆಯಲ್ಲಿ ಮಾಡಿಸಿದರೆ ಹಳೇ ನಂಬರ್ ನಡೆಯುವುದಿಲ್ಲ. ಯುರೋಪಿನಲ್ಲಿ ಸೌಂದರ್ಯವರ್ಧಕದ ಫೈಲನ್ನು ಕೊನೆಯ ಬ್ಯಾಚ್ ಮಾರುಕಟ್ಟೆಗೆ ಹೋದ ಮೇಲೂ ಹತ್ತು ವರ್ಷ ಇಟ್ಟುಕೊಳ್ಳಬೇಕು. ಗಂಭೀರ ತೊಂದರೆಯ ದೂರು ಬಂದರೆ ಅಮೆರಿಕದಲ್ಲಿ 15 ಕೆಲಸದ ದಿನಗಳಲ್ಲಿ ತಿಳಿಸಬೇಕು. ಇದಕ್ಕೆಲ್ಲ ಒಬ್ಬರನ್ನು ಗೊತ್ತುಮಾಡಿ, ಅವರ ಹೆಸರನ್ನು ಫೈಲಿನಲ್ಲಿ ಬರೆದಿಡಿ. ತಯಾರಕನ ಜೊತೆಗಿನ ಒಪ್ಪಂದದಲ್ಲಿ ಇನ್ನೊಂದು ಸಾಲು ಸೇರಿಸಿ: ನಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಸುಗಂಧವನ್ನಾಗಲಿ, ಸಂರಕ್ಷಕವನ್ನಾಗಲಿ, ಬ್ಯಾಟರಿಯ ಸೆಲ್ಲನ್ನಾಗಲಿ ಬದಲಿಸಬಾರದು. ಅಗ್ಗದ ಸೆಲ್ ಸಿಕ್ಕಿತು ಅಂತ ಅವನು ಸದ್ದಿಲ್ಲದೆ ಬದಲಿಸಿದ ದಿನವೇ ನಿಮ್ಮ ಲ್ಯಾಬ್ ವರದಿ ಬೇರೆ ಯಾವುದೋ ಪವರ್ ಬ್ಯಾಂಕಿನದ್ದಾಗಿಬಿಡುತ್ತದೆ.