ಗಂಗಾವತಿ ಅನ್ನ, ಥಾಯ್ ಸಾರು

ಅಂಜನಾದ್ರಿಯ 575 ಮೆಟ್ಟಿಲು, ಪಂಪಾ ಸರೋವರ, ಆನೆಗೊಂದಿಯ ಗಗನ ಮಹಲ್. ಎಲ್ಲ ನೋಡಿದೆವು, ಚೆನ್ನಾಗಿವೆ. ನಾನು ಬರೆಯಬೇಕು ಅಂದುಕೊಂಡಿದ್ದು ಆವತ್ತಿನ ರಾತ್ರಿ ಊಟದ ಬಗ್ಗೆ.

ರಾಯಚೂರಿನಿಂದ ಸಿಂಧನೂರು, ಕಾರಟಗಿ ದಾಟಿದರೆ ಗಂಗಾವತಿವರೆಗೂ ಭತ್ತದ ಗದ್ದೆ, ರೈಸ್ ಮಿಲ್ಲು. ಇಲ್ಲಿ ಥಾಯ್ ಊಟ ಅಂದಾಗ ದೊಡ್ಡಮ್ಮ ನಕ್ಕುಬಿಟ್ಟರು. ಸಾಣಾಪುರದ ಗದ್ದೆಯಂಚಿಗೆ ಸಣ್ಣ ಹೋಟೆಲ್. ನೆಲದ ಮೇಲೆ ಗಾದಿ, ಗಿಡ್ಡ ಮೇಜು. ಮೆನುವಿನಲ್ಲಿ ಇಸ್ರೇಲಿ, ಇಟಾಲಿಯನ್ ಎಲ್ಲವೂ ಇತ್ತು. ಇಷ್ಟೆಲ್ಲ ಮಾಡುವ ಕಡೆ ಯಾವುದೂ ನೆಟ್ಟಗಿರಲ್ಲ ಅನ್ನೋದು ನನ್ನ ಲೆಕ್ಕ. ಪಾಸ್ತಾ ಹಾಗೇ ಇತ್ತು. ಥಾಯ್ ಗ್ರೀನ್ ಕರಿ, ಅಂದರೆ ತೆಂಗಿನಹಾಲಿನ ಹಸಿರು ಸಾರು, ಮಾತ್ರ ಬೇರೆಯೇ.

ನಾವು ಸಸ್ಯಾಹಾರಿಗಳು. ಹಿಂದೊಮ್ಮೆ ಬೆಂಗಳೂರಿನ ಹೋಟೆಲೊಂದರಲ್ಲಿ ವೆಜ್ ಅಂತ ಕೊಟ್ಟ ಕರಿಯಲ್ಲಿ ಸಿಗಡಿ ಪೇಸ್ಟ್ ಇತ್ತು. ಅರ್ಧ ಉಂಡ ಮೇಲೆ ಹೇಳಿದರು! ಆ ಸಿಟ್ಟು ಇನ್ನೂ ಇಳಿದಿಲ್ಲ. ಥಾಯ್ ಮಸಾಲೆಗೆ ಅದನ್ನು ಹಾಕೋದು ಮಾಮೂಲಿ, ಮೀನಿನ ಸಾಸ್ ಕೂಡ. ಹಾಗಾಗಿ ವೆಜ್ ಇದೆಯಾ ಅಂತ ಕೇಳಬೇಡಿ, ಮಸಾಲೆಗೆ ಏನೇನು ಹಾಕ್ತೀರಿ ಅಂತ ಕೇಳಿ.

ಕೇಳಿದ್ದಕ್ಕೆ ಅಡುಗೆಯಾಕೆಯೇ ಹೊರಗೆ ಬಂದರು.

"ಸಿಗಡಿ ಇಲ್ರಿ ಅಮ್ಮಾರ. ಮಸಾಲಿ ನಾನೇ ಕುಟ್ಟತೀನಿ. ಹಸಿಮೆಣಸಿನಕಾಯಿ, ಬಳ್ಳೊಳ್ಳಿ, ಮಜ್ಜಿಗೆ ಹುಲ್ಲು, ಕೊತ್ತಂಬರಿ ಬೇರು."

"ಬೇರಾ? ನಾವು ಅದನ್ನ ಕೊಯ್ದು ಒಗೀತೀವಲ್ಲ ಯವ್ವಾ!" ಅಂದರು ದೊಡ್ಡಮ್ಮ.

"ಘಮ ಇರೋದೇ ಅದರಾಗ್ರಿ. ಗಂಗಾವತಿ ಮಾರ್ಕೆಟ್ಟಿನಾಗ ಬೇರು ಇದ್ದ ಕಟ್ಟು ಹುಡುಕಿ ತರ್ತೀನಿ."

ದೊಡ್ಡಮ್ಮ ಗಾದಿಯಿಂದ ಎದ್ದು ಒಲೆ ಹತ್ತಿರವೇ ಹೋದರು. ಗಟ್ಟಿ ತೆಂಗಿನಹಾಲಲ್ಲಿ ಎಣ್ಣೆ ಬಿಡುವ ತನಕ ಮಸಾಲೆ ಹುರಿದು, ಆಮೇಲೆ ತೆಳು ಹಾಲು. ಎಲ್ಲಿ ಕಲಿತಿರಿ ಅಂದರೆ, ಹೊಳೆಯ ಕಡೆ ಕೈ ತೋರಿಸಿದರು. ತುಂಗಭದ್ರೆಯ ನಡುಗಡ್ಡೆ ವಿರೂಪಾಪುರ ಗಡ್ಡೆಯ ರೆಸಾರ್ಟ್ ಒಂದಕ್ಕೆ ಪಾತ್ರೆ ತಿಕ್ಕಲು ಸೇರಿದವರು ನೋಡಿ ನೋಡಿ ಕಲಿತರಂತೆ. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2020ರಲ್ಲಿ ಅವನ್ನೆಲ್ಲ ಕೆಡವಿದಾಗ ಕೆಲಸ ಹೋಯಿತು. "ಕೈಗೆ ಬಂದದ್ದು ಹೋಗಲಿಲ್ರಿ" ಅಂದರು.

ಥಾಯ್ಲೆಂಡಿನ ಜಾಸ್ಮಿನ್ ಅಕ್ಕಿ ಬೆಂದರೆ ಕೊಂಚ ಅಂಟು. ಇಲ್ಲಿ ಬಡಿಸಿದ್ದು ಗಂಗಾವತಿ ಸೋನಾ ಮಸೂರಿ. ಉದುರನ್ನ ಆ ಹಸಿರು ರಸ ಹೀರಿಕೊಂಡಿತ್ತು, ನನಗಂತೂ ಇದೇ ಹಿಡಿಸಿತು. "ಸಾರು ಇನ್ನೊಂಚೂರು ಹಾಕವ್ವಾ" ಅಂತ ದೊಡ್ಡಮ್ಮ ಎರಡನೇ ಸಲ ತಟ್ಟೆ ಚಾಚಿದರು.

ಹೊಳೆಯಾಚೆ ಹಂಪಿ ಕಡೆ ರೂಮು ಮಾಡಿದವರು ತಳವಾರಘಟ್ಟದ ದೋಣಿ ನಂಬಿಕೊಂಡು ರಾತ್ರಿ ಊಟಕ್ಕೆ ಬರಬೇಡಿ. ಕತ್ತಲಾದ ಮೇಲೆ ದೋಣಿ ಇರಲ್ಲ, ಬುಕ್ಕಸಾಗರದ ಸೇತುವೆ ಸುತ್ತಿಯೇ ಹೋಗಬೇಕು.