ನಾಲ್ಕೂವರೆಗೆ ಬರಬೇಕಿದ್ದ ಕರೆ

ವಿಜಯಪುರದ ನಮ್ಮ ಹೆಲ್ಪ್‌ಲೈನ್ ಡೆಸ್ಕಿನಲ್ಲಿ ಭಾನುವಾರದ ಮಧ್ಯಾಹ್ನದ ಶಿಫ್ಟ್ ಅಂದರೆ ಒಬ್ಬರೇ. ಅವತ್ತು ಇದ್ದದ್ದು ಒಂದೇ ಫಾಲೋಅಪ್. ಮ್ಯಾಟ್ರಿಮನಿ ಸೈಟಿನಲ್ಲಿ ಪರಿಚಯವಾದವನನ್ನು ಮೊದಲ ಸಲ ನೋಡಲು ಹೊರಟ ಹುಡುಗಿ, ಮನೆಯಲ್ಲಿ ಹೇಳಿಲ್ಲ. ನಾಲ್ಕಕ್ಕೆ ಭೇಟಿ, ನಾಲ್ಕೂವರೆಗೆ ನಮಗೊಂದು ಕರೆ. ಜಾಗ ಗೋಳಗುಮ್ಮಟ. ಸೂಚಿಸಿದ್ದು ನಾನೇ. ಗೇಟಿಗೆ ಟಿಕೆಟ್ಟು, ಒಳಗೆ ಕಾವಲುಗಾರರು, ಭಾನುವಾರದ ಗದ್ದಲ, ಪಕ್ಕದಲ್ಲೇ ರೈಲ್ವೆ ಸ್ಟೇಶನ್ ಇರುವುದರಿಂದ ಆಟೊಗಳಿಗೆ ಬರವಿಲ್ಲ. ಜನ ಇದ್ದಲ್ಲಿ ಹೆದರಿಕೆ ಏನು ಅಂದುಕೊಂಡಿದ್ದೆ.

3:55ಕ್ಕೆ ವಾಟ್ಸಾಪಿನಲ್ಲಿ ಲೈವ್ ಲೊಕೇಶನ್ ಬಂತು. 4:10ಕ್ಕೆ ನಿಂತಿತು. 4:30 ಆಯಿತು, ಕರೆ ಇಲ್ಲ. ನಾನೇ ಹಚ್ಚಿದೆ, ರಿಂಗಾಗಿ ರಿಂಗಾಗಿ ಕಟ್ಟಾಯಿತು. 4:33ಕ್ಕೆ ಮತ್ತೆ, 4:35ಕ್ಕೆ ಮತ್ತೆ. ಸ್ವಿಚ್ ಆಫ್ ಬಂದಿದ್ದರೆ ನಿರ್ಧಾರ ಸುಲಭವಿತ್ತು. ಬರೀ ರಿಂಗ್ ಆಗುವ ಫೋನು ಮನುಷ್ಯನನ್ನು ಹೆಚ್ಚು ಕಾಡುತ್ತದೆ. ಸೂಪರ್‌ವೈಸರ್ ಮೇಡಂಗೆ ಫೋನ್ ಮಾಡಿದರೆ ಅವರು ಕೇಳಿದ್ದು ಎರಡೇ ಮಾತು: "ಆ ಹುಡುಗನ ನಂಬರ್ ಎಲ್ಲೈತವಾ? ಆಕಿ ಯಾವ ಬಣ್ಣದ ಅರಿವಿ ಹಾಕ್ಯಾಳ?"

ಆ ಎರಡೂ ವಿವರ ಕೇಸಿನ ಶೀಟಿನಲ್ಲಿ ಇರಲಿಲ್ಲ. 112ಕ್ಕೆ ಹೇಳುವುದಾದರೂ ಏನು? "ಗೋಳಗುಮ್ಮಟದೊಳಗ ಒಬ್ಬ ಹುಡುಗಿ ಅದಾಳ" ಅಂತಲೇ? ಪೊಲೀಸರು ಹೋಗಿ, ಸುದ್ದಿ ಮನೆಗೆ ಮುಟ್ಟಿದರೆ? ಅದನ್ನೂ ಮೊದಲೇ ಕೇಳಿಟ್ಟುಕೊಂಡಿರಲಿಲ್ಲ.

4:42ಕ್ಕೆ ಆಕೆಯೇ ಮಾಡಿದಳು. "ಅಕ್ಕಾರ, ಮ್ಯಾಲ ಗ್ಯಾಲರಿಗೆ ಹೋಗಿದ್ವಿರಿ. ಹುಡುಗ್ರು ಒಂದ ಸವನ ಕೂಗಾಕತ್ತಿದ್ರು, ಫೋನ್ ಕೇಳಿಸ್ಲೇ ಇಲ್ಲ."

ಕೂಗದೆ ಏನು ಮಾಡುತ್ತಾರೆ, ಒಂದು ಕೂಗು ಏಳು ಸಲ ಮರಳುವುದನ್ನು ಕೇಳಲೆಂದೇ ಅಲ್ಲವೇ ಜನ ಆ ಮೆಟ್ಟಿಲು ಹತ್ತುವುದು? ಹುಟ್ಟಿದಾಗಿನಿಂದ ಈ ಊರಿನಲ್ಲಿದ್ದೂ ನನಗೆ ಹೊಳೆಯಲಿಲ್ಲ. ಮೂಲೆಯ ಗೋಪುರದೊಳಗಿನ ಮೆಟ್ಟಿಲು ಇಕ್ಕಟ್ಟು. ಮೇಲಿಂದ ಬೇಗ ಇಳಿಯಬೇಕೆಂದರೂ ಹತ್ತುವವರು ಎದುರಾಗುತ್ತಾರೆ. ಜನ ಇರುವ ಜಾಗ ಬೇರೆ, ಎದ್ದು ಬರಲು ಆಗುವ ಜಾಗ ಬೇರೆ. ಈಗ ನಾವು ಹೇಳುವುದು ಗಾಂಧಿ ಚೌಕದ ಕಡೆಯ ಯಾವುದಾದರೂ ಹೋಟೆಲ್: ನೆಲಮಹಡಿ, ಗಲ್ಲಾ ಕಾಣುವ ಟೇಬಲ್, ಬಾಗಿಲಿನ ಕಡೆಗೆ ಮುಖ. ಪರದೆ ಹಾಕಿದ ಫ್ಯಾಮಿಲಿ ರೂಮ್ ಬೇಡವೇ ಬೇಡ. "ಇಲ್ಲಿ ಗದ್ದಲ, ಆಲಮಟ್ಟಿ ಗಾರ್ಡನ್‌ಗೆ ಹೋಗೂಣ ಬಾ" ಎಂದು ಬೈಕ್ ತಿರುಗಿಸಿದರೆ ಮೊದಲ ಭೇಟಿ ಅಲ್ಲಿಗೇ ಮುಗಿಯಿತು. ಬರುವುದು ಹೋಗುವುದು ಸ್ವಂತ ಗಾಡಿಯಲ್ಲೋ ಬಸ್ಸಿನಲ್ಲೋ. ಬಾಗಲಕೋಟೆಯಿಂದಲೋ ಹಳ್ಳಿಯಿಂದಲೋ ಬರುವವರು ಕೊನೆಯ ಬಸ್ಸಲ್ಲ, ಅದರ ಹಿಂದಿನ ಬಸ್ಸಿನ ಹೊತ್ತು ನೋಡಿಟ್ಟುಕೊಳ್ಳಬೇಕು. ನೀರಿನ ಬಾಟಲಿಯ ಸೀಲ್ ತಾವೇ ಒಡೆಯಬೇಕು. ಕೈ ತೊಳೆಯಲು ಎದ್ದು ಬಂದ ಮೇಲೆ ಟೇಬಲ್ ಮೇಲೆ ಬಿಟ್ಟುಹೋದ ಚಹಾ ಕುಡಿಯಬಾರದು, ಇನ್ನೊಂದು ಹೇಳಿದರೆ ಆಯಿತು. ಬಿಲ್ಲು ಅರ್ಧರ್ಧ.

ಲೊಕೇಶನ್ ನಿಂತದ್ದು ಯಾಕೆಂದು ಆಮೇಲೆ ತಿಳಿಯಿತು. ವಾಟ್ಸಾಪ್ 15 ನಿಮಿಷ, 1 ಗಂಟೆ, 8 ಗಂಟೆ ಎಂದು ಮೂರು ಆಯ್ಕೆ ಕೊಡುತ್ತದೆ. ಆಕೆ ಒತ್ತಿದ್ದು 15. ಎರಡು ತಾಸಿನ ಭೇಟಿಗೂ 8 ಗಂಟೆಯದನ್ನೇ ಒತ್ತಿ, ಮನೆ ಸೇರಿದ ಮೇಲೆ ನಿಲ್ಲಿಸಬೇಕು. ಚಾರ್ಜ್ ಮುಗಿದರೆ ಅದೂ ಸತ್ತಂತೆ, ದಪ್ಪ ಗೋಡೆಯೊಳಗೆ ಚುಕ್ಕೆ ಅಲ್ಲಾಡದೆ ನಿಂತಿರುತ್ತದೆ. ಹಾಗಾಗಿ ಕರೆ ಬೇಕೇ ಬೇಕು.

ಕರೆ ಬಾರದಿದ್ದರೆ ಮುಂದೇನು ಎಂಬುದನ್ನೂ ಹೊರಡುವ ಮುಂಚೆ ಬರೆದುಕೊಳ್ಳಬೇಕು. ಈಗ ನಮ್ಮ ಕ್ರಮ ಹೀಗಿದೆ: ಹೊತ್ತಿಗೆ ಸರಿಯಾಗಿ ನಾವೇ ಮಾಡುತ್ತೇವೆ, ಎತ್ತದಿದ್ದರೆ 5 ನಿಮಿಷಕ್ಕೆ ಇನ್ನೊಮ್ಮೆ, 10 ನಿಮಿಷಕ್ಕೆ ಆತನ ನಂಬರಿಗೇ, 15 ಆದರೆ 112. ಪೊಲೀಸರಿಗೆ ತಿಳಿಸಲು ಒಪ್ಪಿಗೆ ಮೊದಲೇ ಪಡೆದಿರುತ್ತೇವೆ. ಫೋನು ಸೈಲೆಂಟಲ್ಲಿ ಇರಬಾರದು, ವ್ಯಾನಿಟಿ ಬ್ಯಾಗಿನ ತಳದಲ್ಲೂ ಇರಬಾರದು. ಎತ್ತಿದವಳು "ಅವ್ವನ ಗುಳಿಗಿ ತಂದೀರೇನು?" ಎಂದು ಕೇಳಿದರೆ ಅದು ಮೊದಲೇ ಮಾತಾಡಿಕೊಂಡ ಗುಟ್ಟಿನ ಮಾತು, ಮನೆಯಲ್ಲಿ ಅರ್ಜೆಂಟ್ ಇದೆ ಬಾ ಎಂದು ನಾವು ಕರೆಯಬೇಕು. "ಎಲ್ಲಾ ಆರಾಮ" ಎಂಬ ಮಾತನ್ನು ಮಾತ್ರ ನಂಬುವಂತಿಲ್ಲ, ಪಕ್ಕದಲ್ಲಿ ಆತ ಕೂತಿರುತ್ತಾನೆ.

ಆತನ ನಂಬರು, ಪ್ರೊಫೈಲಿನ ಸ್ಕ್ರೀನ್‌ಶಾಟು ಭೇಟಿಗೆ ಮುಂಚೆಯೇ ನಮ್ಮ ಕೈಯಲ್ಲಿರಬೇಕು. ಆ ನಂಬರನ್ನು ಯುಪಿಐ ಆ್ಯಪಿನಲ್ಲಿ ಹಾಕಿ ನೋಡಿದರೆ, ದುಡ್ಡು ಕಳಿಸದೆಯೂ, ಅದಕ್ಕೆ ಖಾತೆ ಜೋಡಿಸಿದ್ದರೆ ಹೆಸರು ಕಾಣುತ್ತದೆ. ಅವ್ವನದೋ ಅಣ್ಣನದೋ ಇರಬಹುದು, ಆದರೆ ಅಡ್ಡಹೆಸರೇ ಬೇರೆ ಬಂದರೆ ಕೇಳಲೇಬೇಕು. ಅದೇ ಫೋಟೊ ಬೇರೆಲ್ಲಾದರೂ ಇದೆಯೇ ಎಂದು ಗೂಗಲ್ ಲೆನ್ಸ್‌ಗೆ ಹಾಕಿ ನೋಡಬೇಕು. ಒಂದು ವಿಡಿಯೊ ಕಾಲ್, ಮುಖ ಅಸಲಿಯೇ ಎಂದು ನೋಡಲು ಅದರಲ್ಲಿ ಮುಖ ಪಕ್ಕಕ್ಕೆ ತಿರುಗಿಸಿ ಕೈ ಅಡ್ಡ ಹಿಡಿಯಲು ಹೇಳಬೇಕು. "ಕ್ಯಾಮೆರಾ ಕೆಟ್ಟೈತಿ" ಎಂದು ಎರಡನೇ ಸಲ ಹೇಳುವವನನ್ನು ನೋಡಲು ಹೋಗುವ ಅಗತ್ಯವೇ ಇಲ್ಲ.

ಗಂಡಸರು ಇದೆಲ್ಲ ಹೆಣ್ಣುಮಕ್ಕಳಿಗೆ ಅಂದುಕೊಳ್ಳುತ್ತಾರೆ. ಖಾಲಿ ರೂಮಿಗೆ ಕರೆದು, ನಾಲ್ಕು ಜನ ನುಗ್ಗಿ ವಿಡಿಯೊ ಮಾಡಿ ಫೋನ್‌ಪೇ ಮಾಡಿಸಿಕೊಳ್ಳುವುದು ಗಂಡಸರಿಗೇ. ಗಂಡು ಗಂಡಿನ ಆ್ಯಪಾದರೆ "ಪೊಲೀಸರಿಗೆ ಹಿಡಿದು ಕೊಡ್ತೀವಿ" ಎಂದು ಹೆದರಿಸುತ್ತಾರೆ. ಒಪ್ಪಿ ಕೂಡಿದ ವಯಸ್ಕರ ಸಂಬಂಧ ಅಪರಾಧವಲ್ಲ ಎಂದು 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಸುಲಿಗೆಯೇ ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ. ಒಮ್ಮೆ ಕೊಟ್ಟರೆ ಮರುದಿನ ಮತ್ತೆ ಕೇಳುತ್ತಾರೆ. ಚಾಟ್ ಅಳಿಸಬೇಡಿ. ದುಡ್ಡು ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930.

ಇಷ್ಟೆಲ್ಲ ಬರೆಯಲು ನಮ್ಮ ಸಾಫ್ಟ್‌ವೇರಿನಲ್ಲಿ ಜಾಗ ಎಲ್ಲಿದೆ? ಫಾಲೋಅಪ್ ಕಾಲಮ್ಮಿನಲ್ಲಿ "ಹೌದು", "ಇಲ್ಲ" ಎರಡೇ. ಅವತ್ತಿನ ಕೇಸಿಗೂ "ಹೌದು" ಬಿದ್ದು ತಿಂಗಳ ರಿಪೋರ್ಟಿನಲ್ಲಿ ಹಸಿರಾಗಿ ಕೂತಿದೆ. ಆತನ ನಂಬರು, ಅರಿವಿಯ ಬಣ್ಣ, ಬಸ್ಸಿನ ಹೊತ್ತು ಎಲ್ಲವನ್ನೂ ನಾನು ಪ್ರಿಂಟ್ ತೆಗೆದ ಶೀಟಿನ ಹಿಂಬದಿಗೆ ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ. ಹೋದ ತಪಾಸಣೆಯಲ್ಲಿ ಅದಕ್ಕೊಂದು ಷರಾ ಬಿತ್ತು: "ಹಿಂಬದಿ ಖಾಲಿ ಇರತಕ್ಕದ್ದು."